ದೊಡ್ಡ ಗಾಡಿ, ಸಣ್ಣ ಓಡಾಟ

ನನ್ನೂರು ಬಾಳೆಹೊಸೂರ, ಗ್ಯಾರೇಜು ಲಕ್ಷ್ಮೇಶ್ವರದಲ್ಲಿ. ನಾನು ಪಾನಾ ಹಿಡಿಯಲು ಕಲಿತ ಕಾಲಕ್ಕೆ ನಮ್ಮ ಕಡೆ ದೊಡ್ಡ ಗಾಡಿ ಅಂದರೆ 1994ರಲ್ಲಿ ಬಂದ ಟಾಟಾ ಸುಮೊ, ಆಮೇಲೆ ಬೊಲೆರೊ. ಎಂಜಿನ್ ಸಪ್ಪಳ ಕೇಳಿಯೇ ಏನು ಕೆಟ್ಟಿದೆ ಅಂತ ಹೇಳಬಹುದಿತ್ತು. ಈಗ ಮೆಣಸಿನಕಾಯಿಗೆ ರೇಟು ಸಿಕ್ಕವರು, ಗುತ್ತಿಗೆದಾರರು, ಹೊಲ ಮಾರಿದವರು ಇಪ್ಪತ್ತು-ಇಪ್ಪತ್ತೈದು ಲಕ್ಷದ ಎಸ್‌ಯುವಿ ತರುತ್ತಾರೆ. ವಾರಂಟಿ ಇದ್ದೂ ಸಾವಿರಗಟ್ಟಲೆ ಬಿಲ್ಲು ಕಟ್ಟಿ ಬಂದವರು ಸಿಟ್ಟು ಇಳಿಸುವುದು ನನ್ನ ಅಂಗಡಿಯ ಮುಂದೆ.

ಹೆಚ್ಚಾಗಿ ಬರುವ ದೂರು ಇದು: “ಅಣ್ಣಾ, ಮೀಟರ್‌ದಾಗ ಹಳದಿ ದೀಪ ಹತ್ತೇತಿ, ಗಾಡಿ ಏಳವಲ್ದು.” ದಿನಾ ಎಲ್ಲಿಗೆ ಓಡಿಸುತ್ತೀರಿ ಎಂದು ಕೇಳುತ್ತೇನೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಮಠದ ಕಡೆ, ಸಂಜೆಗೆ ಬಸ್‌ಸ್ಟ್ಯಾಂಡಿಗೆ. ಅಲ್ಲೇ ಇದೆ ರೋಗ.

2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ನಿಯಮ ಬಂತು. ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಶೋಧಕ ಸೇರಿತು. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿತು ಎಂದರೆ ಎಂಜಿನ್ ತಾನೇ ಹೆಚ್ಚಿನ ಡೀಸೆಲ್ ಚಿಮ್ಮಿಸಿ, ಶೋಧಕವನ್ನು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ, ಮಸಿಯನ್ನು ಸುಡುತ್ತದೆ. ಇದು ಮುಗಿಯಲು ಗಾಡಿ ಹದಿನೈದು-ಇಪ್ಪತ್ತು ನಿಮಿಷ ನಿಲ್ಲದೆ ಓಡಬೇಕು. ಹೊಲದ ದಾರಿ ಅಷ್ಟು ದೂರ ಇರುವುದಿಲ್ಲ. ನಡುವೆಯೇ ಚಾವಿ ತಿರುವಿದರೆ ಮಸಿ ಉಳಿಯಿತು. ಸುಡದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಎಂಜಿನ್ ಆಯಿಲ್‌ಗೆ ಕೂಡಿತು. ಆಯಿಲ್ ಮಟ್ಟ ಏರಿದ್ದು ಕಂಡು “ಆಯಿಲ್ ಕುಡಿಯೂದ ಇಲ್ಲ, ಚಲೋ ಗಾಡಿ” ಎಂದು ಹಿಗ್ಗಿದವರಿದ್ದಾರೆ. ಆ ಆಯಿಲ್ ನೀರಾಗಿರುತ್ತದೆ, ಮೊದಲು ತಿನ್ನುವುದು ಟರ್ಬೊದ ಬೇರಿಂಗನ್ನು.

ಸರ್ವಿಸ್ ಸೆಂಟರಿನವರು ಇದನ್ನು ‘ಓಡಿಸಿದ ರೀತಿಯಿಂದ ಆದದ್ದು’ ಎಂದು ಬರೆದು ವಾರಂಟಿಯ ಹೊರಗೆ ಇಡುತ್ತಾರೆ. ಹೊಸ ಡಿಪಿಎಫ್‌ನ ಬಿಲ್ಲು ಲಕ್ಷ ದಾಟುವುದುಂಟು. ದೀಪ ಹತ್ತಿದ ದಿನವೇ ಗದಗ-ಹುಬ್ಬಳ್ಳಿ ಹೆದ್ದಾರಿಗೆ ಒಯ್ದು ಒಂದೇ ಹದದಲ್ಲಿ ಓಡಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ನನ್ನನ್ನು ಕೇಳಿದರೆ, ಊರೊಳಗೇ ಓಡಾಡುವವರು ಪೆಟ್ರೋಲ್ ಗಾಡಿ ತಗೊಳ್ಳಬೇಕು. ಮೈಲೇಜ್ ಲೆಕ್ಕ ಹಾಕುವವರು ಈ ಮಾತು ಕೇಳುವುದಿಲ್ಲ.

ಎರಡನೆಯ ರೋಗ ಬ್ಯಾರಲ್ಲಿನ ಡೀಸೆಲ್. ಟ್ರ್ಯಾಕ್ಟರಿಗೆಂದು ತಂದಿಟ್ಟದ್ದನ್ನೇ ಅವಸರಕ್ಕೆ ಎಸ್‌ಯುವಿಗೂ ಸುರಿಯುತ್ತಾರೆ. ಬ್ಯಾರಲ್ಲಿನ ತಳದಲ್ಲಿ ನೀರು, ತುಕ್ಕು. ಹಳೆಯ ಟ್ರ್ಯಾಕ್ಟರ್ ಹೇಗೋ ನುಂಗಿಕೊಂಡೀತು. ಇಂದಿನ ಎಂಜಿನ್ನಿನಲ್ಲಿ ಡೀಸೆಲ್ 1,600ರಿಂದ 2,000 ಬಾರ್ ಒತ್ತಡದಲ್ಲಿ ಹೋಗುತ್ತದೆ; ಇಂಜೆಕ್ಟರಿನ ತೂತು ಕೂದಲೆಳೆಯಷ್ಟು. ಕೆಟ್ಟ ಇಂಜೆಕ್ಟರ್ ಬಿಚ್ಚಿದಾಗ ನೀರಿನ ಗುರುತು ಕಂಡರೆ ವಾರಂಟಿಯ ಮಾತೇ ಇಲ್ಲ. ಪಂಪಿನ ಬಿಲ್ಲು ಇಟ್ಟುಕೊಂಡರೆ ವಾದಕ್ಕೊಂದು ಆಧಾರವಾದರೂ ಇರುತ್ತದೆ.

ಎರಿ ಹೊಲದ ಧೂಳು, ಏರ್ ಫಿಲ್ಟರ್ ಸಂಗತಿ ಎಲ್ಲರಿಗೂ ಗೊತ್ತಿದ್ದದ್ದೇ. ಇಲಿ ಮಾತ್ರ ದೊಡ್ಡ ಶತ್ರು. ಹೊಟ್ಟಿನ ಬಣವೆ, ಶೇಂಗಾ ಚೀಲದ ಪಕ್ಕ ನಿಲ್ಲಿಸಿದ ಗಾಡಿಯ ವೈರು ಕಡಿದರೆ ವಾರಂಟಿ ಇಲ್ಲ, ವಿಮೆಯೂ ಪಾಲಿಸಿ ನೋಡಿಯೇ. ಜಾತ್ರೆಗೆಂದು ಹೊರಗಿನ ಎಲ್‌ಇಡಿ ಲೈಟು, ಗದ್ದಲದ ಹಾರ್ನ್ ಕೂಡಿಸಲು ವೈರು ಕತ್ತರಿಸಿದರೂ ಅದೇ ಗತಿ. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವುದನ್ನು 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದೆ. ಆದರೂ ಹಾಕಿಸುತ್ತಾರೆ.

ಎಲ್ಲಕ್ಕಿಂತ ನಮ್ಮವರು ಸೋಲುವುದು ಕಾಗದದಲ್ಲಿ. ಸರ್ವಿಸ್ ಪುಸ್ತಕದಲ್ಲಿ ‘10,000 ಕಿಲೊಮೀಟರ್ ಅಥವಾ 1 ವರ್ಷ, ಯಾವುದು ಮೊದಲೋ ಅದು’ ಎಂದಿರುತ್ತದೆ. ನಮ್ಮೂರ ಸಾವಕಾರರ ಗಾಡಿ ವರ್ಷಕ್ಕೆ ಐದಾರು ಸಾವಿರವೂ ಓಡುವುದಿಲ್ಲ. “ಇನ್ನೂ ಹತ್ತು ಸಾವಿರ ಆಗಿಲ್ಲಲ್ಲಪಾ” ಎಂದು ಬಿಟ್ಟರು. ವರ್ಷ ದಾಟಿ ಹೋಗಿತ್ತು. ಮುಂದೆ ಟರ್ಬೊ ಕೂತಾಗ ಸರ್ವಿಸ್ ಸೆಂಟರಿನವರು ತಪ್ಪಿದ ಆ ಒಂದು ಸರ್ವಿಸನ್ನೇ ಎತ್ತಿ ತೋರಿಸಿದರು. ಅದಕ್ಕೇ ವಾರಂಟಿ ಇರುವ ಗಾಡಿಯನ್ನು ನಾನು ಮುಟ್ಟುವುದಿಲ್ಲ, ಹುಬ್ಬಳ್ಳಿಗೆ ಕಳಿಸುತ್ತೇನೆ. ನಾನು ಆಯಿಲ್ ಎಷ್ಟು ಚಲೋದು ಹಾಕಿದರೂ ಅವರ ಕಂಪ್ಯೂಟರಿನಲ್ಲಿ ಅದು ಇರುವುದಿಲ್ಲ.

ಕಳಿಸುವಾಗ ಒಂದು ಮಾತು ಹೇಳುತ್ತೇನೆ. ದೂರನ್ನು ಬಾಯಿಂದ ಹೇಳಿ ಬರಬೇಡಿ, ಜಾಬ್‌ಕಾರ್ಡಿನಲ್ಲಿ ಬರೆಸಿ. ‘ಜನರಲ್ ಚೆಕಪ್’ ಎಂದು ಬರೆದಿದ್ದರೆ ಸಹಿ ಹಾಕಬೇಡಿ. ‘ಮೂರನೇ ಗೇರಿನಲ್ಲಿ ಎಳೆಯುವುದಿಲ್ಲ, ಕಪ್ಪು ಹೊಗೆ’ ಎಂದೇ ಇರಲಿ. ವಾರಂಟಿ ಮುಗಿಯುವ ಮೊದಲು ದೂರು ದಾಖಲಾಗಿದ್ದರೆ, ಮುಗಿದ ಮೇಲೂ ಅದರ ಮಾತು ಎತ್ತಲು ಬರುತ್ತದೆ. ವಾರಂಟಿ ಕೊಡುವುದಿಲ್ಲ ಎಂದರೆ, ಯಾಕೆ ಎಂಬುದನ್ನೂ ಬರೆದು ಕೊಡಲಿ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು ಸವೆಯುವ ಸಾಮಾನು, ಅವಕ್ಕಾಗಿ ಜಗಳ ಬೇಡ.

ಕಂಪನಿಯದೇ ತಪ್ಪೂ ಇರುತ್ತದೆ. 2022ರ ಡಿಸೆಂಬರ್‌ನಲ್ಲಿ ಮಹೀಂದ್ರಾ ತನ್ನ ಸುಮಾರು 19 ಸಾವಿರ ಎಕ್ಸ್‌ಯುವಿ700 ಮತ್ತು ಸ್ಕಾರ್ಪಿಯೊ-ಎನ್ ಗಾಡಿಗಳನ್ನು ಬೆಲ್ ಹೌಸಿಂಗಿನೊಳಗಿನ ಒಂದು ರಬ್ಬರ್ ಭಾಗಕ್ಕಾಗಿ ವಾಪಸ್ ಕರೆದು ಪುಕ್ಕಟೆ ನೋಡಿಕೊಟ್ಟಿತು. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದವರಿಗೆ ಇಂಥ ಕರೆ ಮುಟ್ಟುವುದೇ ಕಷ್ಟ, ಕಂಪನಿಯ ಹತ್ತಿರ ಇರುವುದು ಹಳೆಯ ಮಾಲೀಕರ ಫೋನ್ ನಂಬರು. ಚಾಸಿ ನಂಬರು ಕೊಟ್ಟು ತಾವೇ ವಿಚಾರಿಸಬೇಕು.

ಜಗಳ ಬಗೆಹರಿಯದಿದ್ದರೆ 1915ಕ್ಕೆ ಫೋನ್ ಮಾಡಿ, ಇಲ್ಲವೇ ಗದಗಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ಗಾಡಿ ಹುಬ್ಬಳ್ಳಿಯಲ್ಲಿ ಕೊಂಡದ್ದಾದರೂ, 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ತಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 20ರಿಂದ 50 ಲಕ್ಷದ ಗಾಡಿಗೆ ಶುಲ್ಕ 1,000 ರೂಪಾಯಿ. ತಕರಾರು ಹುಟ್ಟಿದ 2 ವರ್ಷದೊಳಗೆ ಹೋಗಬೇಕು. ಹೊಸ ಗಾಡಿಯನ್ನೇ ಕೊಡಿಸುತ್ತಾರೆ ಎಂಬ ಆಸೆ ಇಟ್ಟುಕೊಳ್ಳಬೇಡಿ: ವಾರಂಟಿಯಲ್ಲಿ ಕೆಟ್ಟ ಭಾಗ ಬದಲಿಸುವ ಮಾತಷ್ಟೇ ಇದ್ದರೆ ಇಡೀ ಕಾರು ಬದಲಿಸಲು ಹೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಹೇಳಿದೆ. ತಯಾರಿಕೆಯ ದೋಷ ಎಂದರೆ ತಜ್ಞರ ವರದಿ ಬೇಕು, ಆಯೋಗವೇ ಪರೀಕ್ಷೆಗೆ ಕಳಿಸಲೂಬಹುದು. ಹಾಗಾಗಿ ಬಿಚ್ಚಿದ ಹಳೆಯ ಭಾಗವನ್ನು ಗುಜರಿಗೆ ಹಾಕದೆ ಜಾಬ್‌ಕಾರ್ಡಿನ ಜೊತೆ ಮನೆಯಲ್ಲಿ ಇಟ್ಟುಕೊಂಡಿರಿ.