ಅಜ್ಜಿ ಕೇಳಿದ ಫೋಟೊ

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದಿತ್ತು. ಸಿವಿಲ್ ಎಂಜಿನಿಯರಿಂಗ್ ಓದುವ ನಾವು ಐವರು ಗೆಳತಿಯರು ತಂಜಾವೂರಿನ ಬೃಹದೀಶ್ವರ ದೇಗುಲ ನೋಡಲು ಹೊರಟಿದ್ದೆವು. ನಂಜನಗೂಡಿನ ಮನೆಯಲ್ಲಿ ಬ್ಯಾಗ್ ಹೆಗಲಿಗೇರಿಸುತ್ತಿದ್ದಾಗ ಅಜ್ಜಿ ಕರೆದರು. 'ಅಷ್ಟು ದೂರ ಹೋಗ್ತಿದ್ದೀಯಲ್ಲ ಮರಿ, ಹಾಗೇ ತಿರುವೈಯಾರಿಗೆ ಹೋಗಿ ನಾಗರತ್ನಮ್ಮನ ಫೋಟೊ ತಗೊಂಡ್ ಬಾ.'

'ತ್ಯಾಗರಾಜರದ್ದಲ್ವಾ ಅಜ್ಜಿ?'

'ಅವರದ್ದು ಎಲ್ಲರ ಮನೇಲೂ ಇರುತ್ತೆ.'

ಮೈಸೂರಿನಿಂದ ರಾತ್ರಿಯಿಡೀ ರೈಲು. ತಂಜಾವೂರಿನ ಲಾಡ್ಜ್‌ನಲ್ಲಿ ಉಳಿದವರೆಲ್ಲ ಮುಸುಕು ಹೊದ್ದು ಮಲಗಿದರು. ನಾನೊಬ್ಬಳೇ ಬಸ್ ಹತ್ತಿದೆ. ಹದಿಮೂರು ಕಿಲೋಮೀಟರ್ ದಾರಿ, ಒಂದರ ಹಿಂದೊಂದು ಸೇತುವೆ. ಐದು ನದಿಗಳ ಸೀಮೆಯಾದ್ದರಿಂದಲೇ ಊರಿಗೆ ಆ ಹೆಸರಂತೆ. ಮಧ್ಯಾಹ್ನದೊಳಗೆ ವಾಪಸ್ ಬರಬೇಕಿತ್ತು. ಕೈಯಲ್ಲಿದ್ದದ್ದು ಮೂರು ಗಂಟೆ.

ಮೊದಲು ತಿರುಮಂಜನ ಬೀದಿಯಲ್ಲಿ ತ್ಯಾಗರಾಜರು ವಾಸವಿದ್ದ ಮನೆ ಹುಡುಕಿದೆ. ನಿಜ ಹೇಳಬೇಕೆಂದರೆ ನಿರಾಸೆಯಾಯಿತು. ಹಳೆಯ ಮನೆ ಈಗಿಲ್ಲ, ಆ ಜಾಗದಲ್ಲಿ ಹೊಸ ಕಟ್ಟಡ ನಿಂತಿದೆ. ಹಳೆಯ ಗೋಡೆಗೆ ಆಸರೆ ಕೊಟ್ಟು ಉಳಿಸುವುದೂ ಎಂಜಿನಿಯರಿಂಗೇ ತಾನೇ?

ಕಾವೇರಿ ದಡದ ಸಮಾಧಿಯತ್ತ ನಡೆದೆ. ಆರಾಧನೆ ಮುಗಿದು ಕೆಲವು ವಾರಗಳಾಗಿದ್ದವು. ಟಿವಿಯಲ್ಲಿ ಸಾಲುಸಾಲಾಗಿ ಕುಳಿತು ಪಂಚರತ್ನ ಹಾಡುವವರನ್ನು ನೋಡಿದ್ದ ಜಾಗದಲ್ಲಿ ಈಗ ಎರಡು ನಾಯಿ, ಒಬ್ಬ ಕಾವಲುಗಾರ. 1847ರಲ್ಲಿ ತ್ಯಾಗರಾಜರು ತೀರಿಕೊಂಡ ಮೇಲೆ ಸಮಾಧಿ ಕ್ರಮೇಣ ಪಾಳುಬಿದ್ದಿತ್ತು. ಅದಕ್ಕೊಂದು ಗುಡಿ ಕಟ್ಟಿಸಿದವರು ಬೆಂಗಳೂರು ನಾಗರತ್ನಮ್ಮ. ದೇವದಾಸಿ ಮನೆತನದ ಗಾಯಕಿ. ಮೈಸೂರು, ಬೆಂಗಳೂರು, ಮದ್ರಾಸುಗಳಲ್ಲಿ ಹಾಡಿ ಗಳಿಸಿದ್ದನ್ನು ಇಲ್ಲಿ ಸುರಿದರು. ಜಾಗ ಕೊಂಡರು, ಕುಂಭಾಭಿಷೇಕ ಮಾಡಿಸಿದರು. ಅವರು 1878ರಲ್ಲಿ ಹುಟ್ಟಿದ್ದು ನಂಜನಗೂಡಿನಲ್ಲಿ! ಇಪ್ಪತ್ತು ವರ್ಷ ಅದೇ ಊರಿನಲ್ಲಿ ಬೆಳೆದ ನನಗೆ ಇದು ಗೊತ್ತಿರಲಿಲ್ಲ.

ಇನ್ನೂ ಒಂದು ಸಂಗತಿ ಗೊತ್ತಿರಲಿಲ್ಲ. ಆಗ ಆರಾಧನೆ ನಡೆಸುತ್ತಿದ್ದ ಗಂಡಸರ ಬಣಗಳು ಹೆಂಗಸರಿಗೆ ಅಲ್ಲಿ ಹಾಡಲು ಬಿಡುತ್ತಿರಲಿಲ್ಲ. ಗುಡಿ ಕಟ್ಟಿಸಿದವರಿಗೇ ಹಾಡುವ ಹಕ್ಕಿಲ್ಲ! ಅವರು ಜಗಳವಾಡುತ್ತಾ ಕೂರಲಿಲ್ಲ, ಹೆಂಗಸರನ್ನು ಸೇರಿಸಿ ತಮ್ಮದೇ ಆರಾಧನೆ ಶುರು ಮಾಡಿದರು. ಎಲ್ಲ ಬಣಗಳೂ ಒಂದಾಗಲು 1940ರವರೆಗೆ ಕಾಯಬೇಕಾಯಿತು.

ನಾಗರತ್ನಮ್ಮನ ಸಮಾಧಿಯೂ ಅಲ್ಲೇ ಇದೆ. ಕುಳಿತ ಭಂಗಿಯ ವಿಗ್ರಹ. ಫೋಟೊ ತೆಗೆಯುವ ಬದಲು ಅಜ್ಜಿಗೆ ವಿಡಿಯೊ ಕಾಲ್ ಮಾಡಿದೆ. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ 'ನದಿ ಕಡೆ ತಿರುಗಿಸು' ಅಂದರು. ನೀರು ಕಡಿಮೆ ಇತ್ತು, ಮರಳೇ ಹೆಚ್ಚು. ನಮ್ಮ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿ ಸೇರಿ, ಮೆಟ್ಟೂರು, ಕಲ್ಲಣೈ ದಾಟಿ ಇಲ್ಲಿಗೆ ಬರುತ್ತಾಳೆ ಎಂದು ನಾನು ಪಾಠ ಒಪ್ಪಿಸುತ್ತಿದ್ದೆ. ಅಜ್ಜಿ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಹಾಡುತ್ತಿದ್ದರು.

ಮದುವೆಗೆ ಮುಂಚೆ ಅಜ್ಜಿ ಏಳು ವರ್ಷ ಸಂಗೀತ ಕಲಿತಿದ್ದರು ಎಂದು ಅಮ್ಮ ಹೇಳಿದ್ದಳು. ಗಂಡನ ಮನೆಯಲ್ಲಿ ಹಾಡುವ ಹಾಗಿರಲಿಲ್ಲ. ಹಾಗಾಗಿ ಅವರ ದನಿಯನ್ನು ನಾನು ಕೇಳಿಯೇ ಇರಲಿಲ್ಲ. ಪಂಚರತ್ನದಲ್ಲಿ ಮೂರನೆಯದು, ಆರಭಿಯದಂತೆ, ರಾಗದ ಹೆಸರನ್ನು ಆಮೇಲೆ ಅವರೇ ಹೇಳಿದರು. ದನಿ ನಡುಗುತ್ತಿತ್ತು, ನಡುವೆ ನೆಟ್‌ವರ್ಕ್ ಬೇರೆ ಕೈಕೊಡುತ್ತಿತ್ತು. ಕಾವಲುಗಾರ ಹತ್ತಿರ ಬಂದು ಯಾರೆಂದು ಸನ್ನೆಯಲ್ಲೇ ಕೇಳಿದ. 'ಪಾಟಿ' ಅಂದೆ. ನನಗೆ ಬರುತ್ತಿದ್ದ ನಾಲ್ಕು ತಮಿಳು ಪದಗಳಲ್ಲಿ ಅದೂ ಒಂದು. ಅವನು ಹಾಡು ಮುಗಿಯುವವರೆಗೂ ನಿಂತಿದ್ದ.

ಬಸ್ ಹತ್ತುವ ಮುಂಚೆ ಈ ಊರಿನ ಹೆಸರುವಾಸಿ ಅಶೋಕ ಹಲ್ವ ಅರ್ಧ ಕೆಜಿ ಕಟ್ಟಿಸಿದೆ. ಹೆಸರುಬೇಳೆಯದು, ತುಪ್ಪ ಸೋರುತ್ತಿತ್ತು. ವಾಪಸ್ ರೈಲಿನಲ್ಲಿ ಗೆಳತಿಯರು ಮುಕ್ಕಾಲು ಪಾಲು ಖಾಲಿ ಮಾಡಿದರು. ಉಳಿದದ್ದನ್ನು ಅಜ್ಜಿ ಸಕ್ಕರೆ ಕಾಯಿಲೆಯನ್ನು ಮರೆತು ತಿಂದರು.

ಆತುರದಲ್ಲಿ ಫೋಟೊ ಸೊಟ್ಟಗೆ ಬಂದಿದೆ ಎಂದು ಈಗಲೂ ಬೈಯುತ್ತಾರೆ. ಮುಂದಿನ ಪುಷ್ಯ ಬಹುಳ ಪಂಚಮಿ ಯಾವತ್ತು ಬೀಳುತ್ತದೆ ಎಂದು ಮೊನ್ನೆ ಕ್ಯಾಲೆಂಡರ್ ನೋಡಿಸಿದರು. ನನ್ನ ಪರೀಕ್ಷೆಯ ಹತ್ತಿರಕ್ಕೇ ಬರುವ ಹಾಗಿದೆ. ಆದರೂ ಟಿಕೆಟ್ ಬುಕಿಂಗ್ ಯಾವಾಗ ಶುರುವಾಗುತ್ತದೆಂದು ನೋಡಿಟ್ಟಿದ್ದೇನೆ. ಎರಡು ಸೀಟು, ಅದರಲ್ಲೊಂದು ಲೋವರ್ ಬರ್ತ್.