ಮೂಲವನ್ನು ನೋಡದ ಮಾತು

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ನಮ್ಮ ಹಿರಿಯರ ಗಾದೆ. ಶಾಸ್ತ್ರಜ್ಞರಾದರೋ ಪ್ರಮಾಣವಿಲ್ಲದೆ ಮಾತನಾಡುವುದಿಲ್ಲವೆಂದು ನಾವೆಲ್ಲರೂ ನಂಬಿದ್ದೇವೆ. ಅವರ ಲೇಖನಗಳಲ್ಲಿ ಹೆಜ್ಜೆಹೆಜ್ಜೆಗೂ ಹಿಂದಿನವರ ಬರಹಗಳ ಉಲ್ಲೇಖವಿರುವುದು. ಆದರೆ ಉಲ್ಲೇಖಿಸಿದವರು ಮೂಲವನ್ನು ಸರಿಯಾಗಿ ಓದದೆ ಹೋದರೆ ಎಂತಹ ಅನರ್ಥವಾಗಬಹುದೆಂಬುದಕ್ಕೆ ಅಮೆರಿಕಾ ದೇಶದ ಸಂಗತಿಯೊಂದನ್ನು ವಾಚಕರ ಮುಂದಿಡುತ್ತೇವೆ.

1980ನೆಯ ಇಸವಿಯ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ವೈದ್ಯಪತ್ರಿಕೆಯಲ್ಲಿ ಪೋರ್ಟರ್ ಮತ್ತು ಜಿಕ್ ಎಂಬವರ ಪತ್ರವೊಂದು ಪ್ರಕಟವಾಯಿತು. ಅದರಲ್ಲಿದ್ದುದು ಐದೇ ವಾಕ್ಯ. ಆಸ್ಪತ್ರೆಯಲ್ಲಿದ್ದಾಗ ಅಫೀಮಿನ ಜಾತಿಯ ಔಷಧವನ್ನು ಒಮ್ಮೆಯಾದರೂ ಪಡೆದ 11,882 ರೋಗಿಗಳಲ್ಲಿ, ಹಿಂದೆ ಚಟವಿಲ್ಲದಿದ್ದು ಹೊಸದಾಗಿ ಚಟ ಹತ್ತಿದವರು ನಾಲ್ವರು ಮಾತ್ರ ಕಂಡುಬಂದರೆಂಬುದೇ ಅದರ ಸಾರ. ಮನೆಗೆ ಮರಳಿ ತಿಂಗಳುಗಟ್ಟಲೆ ಅಂತಹ ಗುಳಿಗೆಗಳನ್ನು ನುಂಗುವವರ ಗತಿಯೇನೆಂಬುದನ್ನು ಆ ಪತ್ರವು ಹೇಳಿರಲಿಲ್ಲ.

ಆದರೂ ಒಬ್ಬರು ಅದನ್ನು ಉಲ್ಲೇಖಿಸಿದರು. ಅವರನ್ನು ನೋಡಿ ಮತ್ತೊಬ್ಬರು ಬರೆದರು. ಓಲೆಯ ಪ್ರತಿಯಿಂದ ಪ್ರತಿಗೆ ಅಕ್ಷರ ತಪ್ಪುವಂತೆ, ಆಸ್ಪತ್ರೆಯ ಮಾತು ನಡುವೆ ಉದುರಿಹೋಗಿ, ಈ ಔಷಧಗಳಿಂದ ಚಟ ಹತ್ತುವುದೇ ಅಪರೂಪವೆಂಬ ಮಾತು ಉಳಿಯಿತು. ಐದು ವಾಕ್ಯದ ಪತ್ರವು ಕೆಲವರ ಲೇಖನಿಯಲ್ಲಿ ಮಹಾಸಂಶೋಧನೆಯಾಯಿತು. 1996ರಲ್ಲಿ ‘ಆಕ್ಸಿಕಾಂಟಿನ್’ ಎಂಬ ಗುಳಿಗೆಯು ಮಾರುಕಟ್ಟೆಗೆ ಬಂದ ಬಳಿಕ ಈ ಉಲ್ಲೇಖಗಳು ಇನ್ನೂ ಹೆಚ್ಚಿದವು. ಚಟದ ಭಯ ಕಡಮೆಯೆಂದು ಅದರ ವಿಷಯದಲ್ಲಿ ತಪ್ಪು ಪ್ರಚಾರ ಮಾಡಿದ್ದಾಗಿ ಪರ್ಡ್ಯೂ ಕಂಪೆನಿಯು 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು.

2017ರಲ್ಲಿ ಕೆನಡಾ ದೇಶದ ಸಂಶೋಧಕರು ಲೆಕ್ಕವಿಟ್ಟು ನೋಡಿದರು. ಆ ಪತ್ರವನ್ನು ಉಲ್ಲೇಖಿಸಿದ ಬರಹಗಳು 608. ಅವುಗಳಲ್ಲಿ ನೂರಕ್ಕೆ 72 ಚಟವು ಅಪರೂಪವೆಂಬುದಕ್ಕೆ ಅದನ್ನೇ ಸಾಕ್ಷಿಯಾಗಿ ಹಿಡಿದಿದ್ದವು. ನೂರಕ್ಕೆ 81 ರೋಗಿಗಳು ಆಸ್ಪತ್ರೆಯಲ್ಲಿದ್ದವರೆಂಬುದನ್ನೇ ತಿಳಿಸಿರಲಿಲ್ಲ. ಅದೇ ವರ್ಷ ಆ ಪತ್ರಿಕೆಯವರು ಹಳೆಯ ಪತ್ರದ ಮೇಲೆ ಎಚ್ಚರಿಕೆಯ ಟಿಪ್ಪಣಿಯನ್ನು ಸೇರಿಸಿದರು. ಅಷ್ಟರಲ್ಲಿ ಕಾಲ ಮಿಂಚಿತ್ತು. ಆ ಒಂದೇ ವರ್ಷದಲ್ಲಿ ಅಮೆರಿಕಾದಲ್ಲಿ ಅಫೀಮಿನ ಜಾತಿಯ ವಸ್ತುಗಳ ಅತಿಸೇವನೆಯಿಂದ 47,000ಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಈ ವಿಪತ್ತಿಗೆ ಕಳ್ಳವ್ಯಾಪಾರವೇ ಮೊದಲಾದ ಬೇರೆ ಕಾರಣಗಳೂ ಉಂಟು. ಆದರೆ ವೈದ್ಯರ ಸಹಜವಾದ ಶಂಕೆಯನ್ನು ಅಳಿಸಿದವುಗಳಲ್ಲಿ ಈ ತಪ್ಪು ಉಲ್ಲೇಖಗಳೂ ಸೇರಿವೆ.

ಪತ್ರ ಬರೆದವರು ಸುಳ್ಳಾಡಿರಲಿಲ್ಲ. ತಾವು ಕಂಡಷ್ಟನ್ನೇ ಹೇಳಿದ್ದರು. ಕಾಣದುದನ್ನು ಅವರ ಬಾಯಲ್ಲಿ ಇಟ್ಟವರು ಅನಂತರದವರು. ವಿಜ್ಞಾನದಿಂದ ಸಿದ್ಧವಾಗಿದೆ ಎಂಬ ಮಾತು ಔಷಧದ ವಿಷಯವಾಗಿ ಮನೆಯ ಬಾಗಿಲಿಗೆ ಬಂದಾಗ, ಯಾರಲ್ಲಿ ನೋಡಿದರು, ಎಲ್ಲಿ ನೋಡಿದರು, ಎಷ್ಟು ಕಾಲ ನೋಡಿದರು ಎಂಬ ಮೂರು ಪ್ರಶ್ನೆಗಳನ್ನು ನಾವು ಕೇಳಿಕೊಳ್ಳುವುದು ಲೇಸು. ನೂರು ಮಂದಿ ಹೇಳಿದರೆಂದ ಮಾತ್ರಕ್ಕೆ ಸಾಕ್ಷಿಗಳು ನೂರಾಗುವುದಿಲ್ಲ. ನೂರು ಮಂದಿಯೂ ಒಬ್ಬನನ್ನೇ ನೋಡಿ ಬರೆದಿರಬಹುದು.