ಬಾಕ್ಸ್‌ವುಡ್ ಬೇಲಿ: ಬೆಳೆಸುವ ಕ್ರಮ ಮತ್ತು ಖರೀದಿಯ ಎಚ್ಚರ

ಯುರೋಪ್ ಹಾಗೂ ಅಮೆರಿಕದ ಉದ್ಯಾನಗಳಲ್ಲಿ ಹೂಮಡಿಗಳ ಅಂಚಿಗೆ ಗಿಡ್ಡ ಗೋಡೆಯಂತೆ ಸವರಿ ಬೆಳೆಸುವ ನಿತ್ಯಹಸಿರಿನ ಪೊದೆಯೇ ಬಾಕ್ಸ್‌ವುಡ್. ಇದರ ಬೆಳವಣಿಗೆ ಅತಿ ನಿಧಾನ. ಕುಳ್ಳ ತಳಿಗಳು ವರ್ಷಕ್ಕೆ ಕೆಲವೇ ಸೆಂಟಿಮೀಟರ್‌ಗಳಷ್ಟು ಬೆಳೆಯುತ್ತವೆ. ಆದಕಾರಣ ದೊಡ್ಡ ಗಿಡಕ್ಕೆ ತೆರುವ ಬೆಲೆಯು ವಸ್ತುತಃ ಅದು ನರ್ಸರಿಯಲ್ಲಿ ಕಳೆದ ವರ್ಷಗಳ ಬೆಲೆಯಾಗಿದೆ. ಬೆಳೆದ ಬೇಲಿಯಲ್ಲಿ ಒಂದು ಗಿಡ ಸತ್ತರೂ ಅದೇ ಗಾತ್ರದ ಮತ್ತೊಂದನ್ನು ಹೊಂದಿಸುವುದು ದುಬಾರಿ. ಆದ್ದರಿಂದ ಈ ಗಿಡದ ವಿಷಯದಲ್ಲಿ ನಷ್ಟ ತಡೆಯುವುದೇ ಮುಖ್ಯ ಉಳಿತಾಯ.

ನೀರು ಸರಾಗವಾಗಿ ಬಸಿದುಹೋಗುವ, 6.5ರಿಂದ 7.2ರ ರಸಸಾರವುಳ್ಳ ಮಣ್ಣು ಬಾಕ್ಸ್‌ವುಡ್‌ಗೆ ಸೂಕ್ತ. ನೀರು ನಿಂತಲ್ಲಿ ಬೇರು ಕೊಳೆಯುತ್ತದೆ. ಬೇರುಗಳು ಮೇಲ್ಪದರದಲ್ಲಿಯೇ ಹರಡುವುದರಿಂದ ಬುಡವನ್ನು ಅಗೆಯಬಾರದು; ತೆಳುವಾದ ಹೊದಿಕೆ ಹಾಕಿ, ಅದು ಕಾಂಡಕ್ಕೆ ತಾಗದಂತೆ ನೋಡಿಕೊಳ್ಳಬೇಕು. ನೀರನ್ನು ಎಲೆಗಳ ಮೇಲೆ ಚಿಮುಕಿಸದೆ ಬುಡಕ್ಕೇ ಉಣಿಸಬೇಕು.

ಇಂಗ್ಲೆಂಡಿನಲ್ಲಿ ವಸಂತದ ಹಿಮದ ಭಯ ಕಳೆದ ಮೇಲೆ, ಜೂನ್ ತಿಂಗಳ ಸುಮಾರಿಗೆ ಬೇಲಿ ಸವರುವ ವಾಡಿಕೆಯಿದೆ. ತಡವಾಗಿ ಸವರಿದರೆ ಹೊಸ ಚಿಗುರು ಬಲಿಯುವ ಮುನ್ನವೇ ಚಳಿಗೆ ಸಿಲುಕುತ್ತದೆ. ಕೇವಲ ಹೊರಮೈಯನ್ನೇ ಕತ್ತರಿಸುತ್ತಾ ಹೋದಲ್ಲಿ ಒಳಗೆ ಗಾಳಿ, ಬೆಳಕು ಆಡದೆ ತೇವ ಉಳಿಯುತ್ತದೆ. ಹೀಗಾಗಿ ಒಳಗಿನ ಕೆಲವು ಕೊಂಬೆಗಳನ್ನೂ ತೆಗೆಯುವುದು ಅವಶ್ಯಕ.

ಈ ತೇವವೇ ಎಲೆ ಉದುರಿಸುವ ಶಿಲೀಂಧ್ರ ರೋಗಕ್ಕೆ ಅನುಕೂಲ. 1990ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಂಡುಬಂದ ಈ ರೋಗವು 2011ರಲ್ಲಿ ಅಮೆರಿಕದಲ್ಲಿಯೂ ಪತ್ತೆಯಾಯಿತು. ಇದರ ಅಂಟುಬೀಜಕಗಳು ಕತ್ತರಿ, ಪಾದರಕ್ಷೆ ಮತ್ತು ಹೊಸ ಗಿಡಗಳ ಮೂಲಕ ಸಾಗುತ್ತವೆ; ಉದುರಿದ ಎಲೆಗಳಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಔಷಧ ಸಿಂಪಡಣೆಯು ಸೋಂಕನ್ನು ತಡೆಯಬಲ್ಲದೇ ಹೊರತು ವಾಸಿ ಮಾಡಲಾರದು.

ಎರಡನೆಯ ಶತ್ರು ಪೂರ್ವ ಏಷ್ಯಾ ಮೂಲದ ಬಾಕ್ಸ್ ಪತಂಗ. 2007ರಲ್ಲಿ ಜರ್ಮನಿಯಲ್ಲಿ ಕಾಣಿಸಿಕೊಂಡ ಇದರ ಹುಳುಗಳು ಎಲೆಯನ್ನಷ್ಟೇ ಅಲ್ಲದೆ ತೊಗಟೆಯನ್ನೂ ತಿನ್ನುತ್ತವೆ. ಗಿಡಗಳ ವ್ಯಾಪಾರವೇ ಇದರ ವಾಹನವಾಯಿತು. ರಷ್ಯಾದ ಸೋಚಿಯಲ್ಲಿ ನಡೆದ 2014ರ ಚಳಿಗಾಲದ ಒಲಿಂಪಿಕ್ಸ್‌ಗಾಗಿ ನಗರವನ್ನು ಅಲಂಕರಿಸಲು 2012ರಲ್ಲಿ ಇಟಲಿಯಿಂದ ತರಿಸಿದ ಗಿಡಗಳೊಂದಿಗೆ ಪತಂಗವೂ ಬಂದಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಖೋಸ್ತಾ ಅರಣ್ಯದ ಪುರಾತನ ಬಾಕ್ಸ್‌ವುಡ್ ಮರಗಳು ಒಣಗಿಹೋದವು. ಅಲಂಕಾರಕ್ಕೆಂದು ಕೊಂಡ ಸರಕು ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲದ ಸಂಪತ್ತನ್ನು ನುಂಗಿತು.

ಈ ಅನುಭವದಿಂದ ಖರೀದಿದಾರರು ಗಮನಿಸತಕ್ಕ ಅಂಶಗಳು ಸ್ಪಷ್ಟವಾಗಿವೆ. ಗಿಡದ ಮೂಲವನ್ನು ದಾಖಲೆಯೊಂದಿಗೆ ವಿಚಾರಿಸಬೇಕು. ಎಲೆಯ ಮೇಲಿನ ಕಂದು ಮಚ್ಚೆ, ಕೊಂಬೆಯ ಕಪ್ಪು ಗೆರೆ, ಎಲೆಗಳ ನಡುವಿನ ಬಲೆ ಇವುಗಳನ್ನು ಪರೀಕ್ಷಿಸಬೇಕು. ಔಷಧದಿಂದ ರೋಗಲಕ್ಷಣ ತಾತ್ಕಾಲಿಕವಾಗಿ ಮರೆಯಾಗಿರಬಹುದಾದ್ದರಿಂದ ಹೊಸ ಗಿಡಗಳನ್ನು ಕೆಲವು ವಾರ ಪ್ರತ್ಯೇಕವಾಗಿರಿಸಿ, ನಂತರವೇ ಬೇಲಿಗೆ ಸೇರಿಸುವುದು ಕ್ಷೇಮ. ಈ ಕಾಯುವಿಕೆಗೆ ತಗಲುವ ಖರ್ಚು ಅತ್ಯಲ್ಪ; ತಪ್ಪಿದಲ್ಲಿ ದಶಕಗಳ ಬೇಲಿಯನ್ನೇ ಬುಡಸಮೇತ ಕೀಳಬೇಕಾದೀತು.